ಮನೆಯಲ್ಲಿ ಮೈಕ್ರೋವೇವ್ ಓವನ್‌ನ ಸುರಕ್ಷಿತ ಬಳಕೆ ಮತ್ತು ನಿರ್ವಹಣೆ

ಮೈಕ್ರೋವೇವ್ ಓವನ್ ಎಂಬುದು ಸೂಕ್ಷ್ಮತರಂಗಗಳ ಮೂಲಕ ಆಹಾರವನ್ನು ಬಿಸಿ ಮಾಡುವ ಅಥವಾ ಬೇಯಿಸುವ ವಿದ್ಯುತ್ ಉಪಕರಣ. ಇದರಲ್ಲಿ ಬೆಂಕಿಯ ಜ್ವಾಲೆಯಾಗಲಿ ಕೆಂಪಗೆ ಕಾಯುವ ಸುರುಳಿಯಾಗಲಿ ಇರುವುದಿಲ್ಲ. ಆಹಾರದಲ್ಲಿರುವ ನೀರಿನ ಅಂಶವೇ ಅಲೆಗಳ ಶಕ್ತಿಯನ್ನು ಹೀರಿಕೊಂಡು ಬಿಸಿಯಾಗುತ್ತದೆ. ಈ ಉಪಕರಣದ ಬಗ್ಗೆ ಜನರಲ್ಲಿರುವ ಮುಖ್ಯ ಭಯ ವಿಕಿರಣದ್ದು. ಆದರೆ ಮನೆಗಳಲ್ಲಿ ಇದರಿಂದ ಆಗುವ ಹಾನಿ ಹೆಚ್ಚಾಗಿ ಬಿಸಿ ನೀರು ಮತ್ತು ಹಬೆಯ ಸುಟ್ಟಗಾಯ, ಒಳಗೆ ಹೊತ್ತಿಕೊಳ್ಳುವ ಬೆಂಕಿ, ಸರಿಯಾಗಿ ಬಿಸಿಯಾಗದ ಆಹಾರ ಮತ್ತು ವಿದ್ಯುದಾಘಾತ ಎಂಬ ನಾಲ್ಕು ಬಗೆಯದು. ಈ ನಾಲ್ಕನ್ನೂ ಸಾಮಾನ್ಯ ಎಚ್ಚರಿಕೆಯಿಂದ ತಡೆಯಬಹುದು.

ಎಚ್ಚರಿಕೆಗಳಲ್ಲಿ ಕೆಲವು ಎಲ್ಲ ಊರುಗಳಿಗೂ ಸಮಾನ. ಇನ್ನು ಕೆಲವು ಊರಿನ ಮಣ್ಣು, ನೀರು ಮತ್ತು ಊಟಕ್ಕೆ ತಕ್ಕಂತೆ ಬದಲಾಗುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಂತಹ ಒಣಭೂಮಿಯ ಪ್ರದೇಶದಲ್ಲಿ ಅರ್ಥಿಂಗ್, ಕೊಳವೆಬಾವಿಯ ನೀರು ಮತ್ತು ರಾಗಿ ಮುದ್ದೆ, ಶೇಂಗಾದಂತಹ ಆಹಾರಗಳ ವಿಷಯದಲ್ಲಿ ವಿಶೇಷ ಗಮನ ಬೇಕಾಗುತ್ತದೆ.

ಇತಿಹಾಸ

ಸೂಕ್ಷ್ಮತರಂಗಗಳ ಅಧ್ಯಯನದಲ್ಲಿ ಭಾರತಕ್ಕೆ ಹಳೆಯ ಸ್ಥಾನವಿದೆ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಕೆಲವು ಮಿಲಿಮೀಟರ್ ಉದ್ದದ ವಿದ್ಯುತ್ಕಾಂತೀಯ ಅಲೆಗಳನ್ನು ಉತ್ಪಾದಿಸಿ ಪ್ರಯೋಗಗಳನ್ನು ನಡೆಸಿದರು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಅವರು ರಾಡಾರ್‌ಗಾಗಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನವನ್ನು ರೂಪಿಸಿದರು. ಇಂದಿಗೂ ಓವನ್‌ಗಳಲ್ಲಿ ಅಲೆಗಳನ್ನು ಹುಟ್ಟಿಸುವುದು ಇದೇ ಮ್ಯಾಗ್ನೆಟ್ರಾನ್.

ಅಮೆರಿಕದ ರೇಥಿಯಾನ್ ಸಂಸ್ಥೆಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರು ಕೆಲಸ ಮಾಡುತ್ತಿರುವ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ತಮ್ಮ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿದ್ದನ್ನು ಗಮನಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅವರು 1945ರಲ್ಲಿ ಆಹಾರ ಬೇಯಿಸುವ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. 1947ರಲ್ಲಿ ಬಂದ ಮೊದಲ ವಾಣಿಜ್ಯ ಓವನ್ ‘ರಾಡಾರೇಂಜ್’ ಸುಮಾರು 1.8 ಮೀಟರ್ ಎತ್ತರ ಮತ್ತು 340 ಕಿಲೋಗ್ರಾಂ ತೂಕವಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಡಬಹುದಾದ ಮಾದರಿಯನ್ನು 1967ರಲ್ಲಿ ಅಮಾನಾ ಸಂಸ್ಥೆ ಮಾರುಕಟ್ಟೆಗೆ ತಂದ ಬಳಿಕ ಇದು ಮನೆಬಳಕೆಯ ವಸ್ತುವಾಯಿತು. ಭಾರತದಲ್ಲಿ 1990ರ ದಶಕದ ಆರ್ಥಿಕ ಉದಾರೀಕರಣದ ನಂತರ ಇದರ ಬಳಕೆ ನಗರಗಳಿಂದ ಕ್ರಮೇಣ ಸಣ್ಣ ಪಟ್ಟಣಗಳಿಗೂ ಹರಡಿತು.

ಕಾರ್ಯವಿಧಾನ

ಮನೆಬಳಕೆಯ ಓವನ್‌ಗಳು ಸಾಮಾನ್ಯವಾಗಿ 2,450 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೀರಿನ ಅಣುವಿನ ಒಂದು ತುದಿಯಲ್ಲಿ ಧನ ವಿದ್ಯುದಂಶವೂ ಇನ್ನೊಂದು ತುದಿಯಲ್ಲಿ ಋಣ ವಿದ್ಯುದಂಶವೂ ಇರುತ್ತದೆ. ಅಲೆಯ ವಿದ್ಯುತ್ ಕ್ಷೇತ್ರ ಪ್ರತಿ ಕ್ಷಣವೂ ದಿಕ್ಕು ಬದಲಿಸುವುದರಿಂದ ಅಣುಗಳು ಅದರೊಡನೆ ತಿರುಗಲು ಯತ್ನಿಸುತ್ತವೆ. ಈ ಚಲನೆಯ ಶಕ್ತಿ ಅಕ್ಕಪಕ್ಕದ ಅಣುಗಳಿಗೆ ಹಂಚಿಹೋಗಿ ಶಾಖವಾಗುತ್ತದೆ. ಕೊಬ್ಬು ಮತ್ತು ಸಕ್ಕರೆಯ ಅಂಶಗಳೂ ಸ್ವಲ್ಪಮಟ್ಟಿಗೆ ಬಿಸಿಯಾಗುತ್ತವೆ. ಗಾಜು, ಪಿಂಗಾಣಿಗಳ ಮೂಲಕ ಅಲೆಗಳು ಹಾದುಹೋಗುತ್ತವೆ. ಲೋಹಕ್ಕೆ ತಾಗಿ ಹಿಂದಿರುಗುತ್ತವೆ.

ಬಳಕೆದಾರರು ತಿಳಿದಿರಬೇಕಾದ ಎರಡು ಸಂಗತಿಗಳು ಇಲ್ಲಿಂದ ಹೊರಡುತ್ತವೆ. ಮೊದಲನೆಯದಾಗಿ, ಆಹಾರವು ಒಳಗಿನಿಂದ ಹೊರಕ್ಕೆ ಬೇಯುತ್ತದೆ ಎಂಬ ನಂಬಿಕೆ ಸರಿಯಲ್ಲ. ನೀರಿನಂಶವಿರುವ ಆಹಾರದಲ್ಲಿ ಅಲೆಗಳು ಒಂದರಿಂದ ಮೂರು ಸೆಂಟಿಮೀಟರ್‌ನಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತವೆ. ಅದಕ್ಕೂ ಒಳಗಿನ ಭಾಗ ಹೊರಪದರದಿಂದ ನಿಧಾನವಾಗಿ ಹರಿದು ಬರುವ ಶಾಖದಿಂದಲೇ ಬಿಸಿಯಾಗಬೇಕು. ಎರಡನೆಯದಾಗಿ, ಲೋಹದ ಗೋಡೆಗಳಿಂದ ಹಿಂದಿರುಗುವ ಅಲೆಗಳು ಒಂದಕ್ಕೊಂದು ಸೇರಿ ಒಳಗೆ ಕೆಲವೆಡೆ ಹೆಚ್ಚು ಬಿಸಿಯ, ಕೆಲವೆಡೆ ತಂಪಿನ ತಾಣಗಳನ್ನು ಉಂಟುಮಾಡುತ್ತವೆ. ಇದನ್ನು ಸರಿದೂಗಿಸಲೆಂದೇ ತಿರುಗುವ ತಟ್ಟೆ ಇರುತ್ತದೆ. ತಟ್ಟೆ ತಿರುಗಿದರೂ ಆಹಾರವನ್ನು ನಡುವೆ ಒಮ್ಮೆ ಕಲಸಬೇಕಾದುದು ಈ ಕಾರಣದಿಂದಲೇ.

ಮುಖ್ಯ ಭಾಗಗಳು

ಓವನ್‌ನ ಹೊರಕವಚದೊಳಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಡಯೋಡ್ ಮತ್ತು ಮ್ಯಾಗ್ನೆಟ್ರಾನ್ ಇರುತ್ತವೆ. ಇವು ಮನೆಯ 230 ವೋಲ್ಟ್ ವಿದ್ಯುತ್ತನ್ನು ಸುಮಾರು 4,000 ವೋಲ್ಟ್‌ಗೆ ಏರಿಸುತ್ತವೆ. ಮ್ಯಾಗ್ನೆಟ್ರಾನ್‌ನಿಂದ ಹೊರಟ ಅಲೆಗಳು ಲೋಹದ ನಾಳವೊಂದರ ಮೂಲಕ ಅಡುಗೆ ಕೋಣೆಗೆ ಬರುತ್ತವೆ. ನಾಳದ ಬಾಯಿಗೆ ಅಭ್ರಕದ ತೆಳುವಾದ ಹಾಳೆ ಹೊದಿಸಿರುತ್ತಾರೆ. ಬಾಗಿಲಿನ ಗಾಜಿನ ಹಿಂದೆ ಸಣ್ಣ ರಂಧ್ರಗಳ ಲೋಹದ ಜಾಲರಿ ಇದೆ. ಈ ರಂಧ್ರಗಳು ಅಲೆಯ ಉದ್ದಕ್ಕಿಂತ ತೀರಾ ಚಿಕ್ಕವಾದ್ದರಿಂದ ಬೆಳಕು ಹೊರಬರುತ್ತದೆ, ಸೂಕ್ಷ್ಮತರಂಗಗಳು ಬರುವುದಿಲ್ಲ. ಬಾಗಿಲಿನ ಕೊಕ್ಕೆಗಳಿಗೆ ಹೊಂದಿಕೊಂಡಿರುವ ಸುರಕ್ಷತಾ ಸ್ವಿಚ್‌ಗಳು ಬಾಗಿಲು ತೆರೆದ ಕೂಡಲೇ ಮ್ಯಾಗ್ನೆಟ್ರಾನ್‌ಗೆ ಹೋಗುವ ವಿದ್ಯುತ್ತನ್ನು ಕಡಿದುಹಾಕುತ್ತವೆ.

ವಿಕಿರಣ: ಭಯ ಮತ್ತು ವಾಸ್ತವ

ಸೂಕ್ಷ್ಮತರಂಗಗಳು ಎಕ್ಸ್-ಕಿರಣ ಅಥವಾ ಗಾಮಾ ಕಿರಣಗಳಂತೆ ಪರಮಾಣುಗಳನ್ನು ಅಯಾನೀಕರಿಸುವಷ್ಟು ಶಕ್ತಿಯವಲ್ಲ. ಅವು ಆಹಾರವನ್ನು ವಿಕಿರಣಶೀಲಗೊಳಿಸುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಓವನ್ ನಿಂತ ಮೇಲೆ ಒಳಗೆ ಅಲೆಗಳು ಉಳಿಯುವುದಿಲ್ಲ. ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತು ಬೇಯಿಸುವುದರಿಂದ ತರಕಾರಿಯ ಸಿ ಜೀವಸತ್ವದಂತಹ ಪೋಷಕಾಂಶಗಳು ಹೆಚ್ಚು ನೀರಿನಲ್ಲಿ ಕುದಿಸಿ ಬಸಿಯುವುದಕ್ಕಿಂತ ಚೆನ್ನಾಗಿಯೇ ಉಳಿಯುತ್ತವೆ.

ಆದರೆ ಅಲೆಗಳು ಹೊರಗೆ ಸೋರಿದರೆ ದೇಹದ ಅಂಗಾಂಶವನ್ನೂ ಬಿಸಿ ಮಾಡಬಲ್ಲವು. ರಕ್ತಸಂಚಾರ ಕಡಿಮೆ ಇರುವ ಕಣ್ಣಿನ ಮಸೂರಕ್ಕೆ ಇದರಿಂದ ಹೆಚ್ಚು ತೊಂದರೆ. ಆದ್ದರಿಂದಲೇ ಸೋರಿಕೆಗೆ ಮಿತಿ ಹಾಕಲಾಗಿದೆ. ಓವನ್‌ನ ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಪ್ರತಿ ಚದರ ಸೆಂಟಿಮೀಟರ್‌ಗೆ 5 ಮಿಲಿವ್ಯಾಟ್ ಮೀರಬಾರದೆಂಬುದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಮಿತಿ. ದೂರ ಹೆಚ್ಚಿದಂತೆ ಸೋರಿಕೆಯ ತೀವ್ರತೆ ಬೇಗನೆ ಕುಗ್ಗುತ್ತದೆ. ಬಾಗಿಲು ಸೊಟ್ಟಗಾಗದೆ, ಜಾಲರಿ ಹರಿಯದೆ, ಅಂಚುಗಳು ಶುಚಿಯಾಗಿರುವವರೆಗೆ ಓವನ್ ಈ ಮಿತಿಯೊಳಗೇ ಇರುತ್ತದೆ.

ಮೊಬೈಲನ್ನು ಒಳಗಿಟ್ಟು ಕರೆ ಮಾಡಿ, ಅದು ರಿಂಗಣಿಸಿದರೆ ಓವನ್ ಸೋರುತ್ತಿದೆ ಎಂದು ತೀರ್ಮಾನಿಸುವ ಪರೀಕ್ಷೆ ಪ್ರಚಾರದಲ್ಲಿದೆ. ಇದು ನಂಬಲರ್ಹವಲ್ಲ. ಮೊಬೈಲ್ ಜಾಲದ ಆವರ್ತನಗಳು ಬೇರೆ. ಅಲ್ಲದೆ ಅತ್ಯಂತ ಕ್ಷೀಣವಾದ ಸಂಕೇತವನ್ನೂ ಮೊಬೈಲ್ ಗ್ರಹಿಸಬಲ್ಲದು. ಮೊಬೈಲ್ ಒಳಗಿರುವಾಗ ಅಕಸ್ಮಾತ್ ಓವನ್ ಚಾಲೂ ಆದರೆ ಅದರ ಬ್ಯಾಟರಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ವಿದ್ಯುತ್ ಸಂಪರ್ಕ

ಪ್ಲಗ್ ಮತ್ತು ವೈರಿಂಗ್

ಓವನ್ ಮೇಲೆ ನಮೂದಿಸುವ 700 ಅಥವಾ 800 ವ್ಯಾಟ್ ಎಂಬುದು ಆಹಾರಕ್ಕೆ ಸಿಗುವ ಶಕ್ತಿ. ಅಷ್ಟನ್ನು ಕೊಡಲು ಅದು ಗೋಡೆಯಿಂದ ಸುಮಾರು 1,200 ವ್ಯಾಟ್ ಎಳೆದುಕೊಳ್ಳುತ್ತದೆ. ಉಳಿದದ್ದು ಯಂತ್ರದಲ್ಲೇ ಶಾಖವಾಗಿ ಹೋಗುತ್ತದೆ. 230 ವೋಲ್ಟ್‌ನಲ್ಲಿ 1,200 ವ್ಯಾಟ್ ಎಂದರೆ 5 ಆಂಪಿಯರ್‌ಗಿಂತ ಹೆಚ್ಚು. ಬಿಸಿಗಾಳಿಯಿಂದ ಬೇಯಿಸುವ ಕನ್ವೆಕ್ಷನ್ ಮಾದರಿಗಳು 2,000 ವ್ಯಾಟ್‌ಗೂ ಮೀರಿ ಎಳೆಯಬಹುದು. ಹಾಗಾಗಿ 6 ಆಂಪಿಯರ್‌ನ ಚಿಕ್ಕ ಸಾಕೆಟ್ ಇದಕ್ಕೆ ಸಾಲದು. ಅಡುಗೆಮನೆಯಲ್ಲಿ 16 ಆಂಪಿಯರ್‌ನ ಪ್ರತ್ಯೇಕ ಪವರ್ ಸಾಕೆಟ್ ಇರಬೇಕು. ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್‌ಗೆ ಹೊಂದಿಸುವ ಅಡಾಪ್ಟರ್, ಎಕ್ಸ್‌ಟೆನ್ಷನ್ ಬೋರ್ಡ್, ಮಿಕ್ಸರ್ ಮತ್ತು ಫ್ರಿಜ್‌ನೊಡನೆ ಹಂಚಿಕೊಂಡ ಒಂದೇ ಸಾಕೆಟ್ ಇವೆಲ್ಲ ವೈರು ಕಾದು ಕರಗಲು ದಾರಿ ಮಾಡುತ್ತವೆ. ಕೆಲ ನಿಮಿಷ ಬಳಸಿದ ಬಳಿಕ ಪ್ಲಗ್ ಮುಟ್ಟಿದರೆ ಬಿಸಿ ಎನಿಸಿದಲ್ಲಿ ಸಾಕೆಟ್ ಬದಲಿಸಬೇಕು.

ಒಣಭೂಮಿಯಲ್ಲಿ ಅರ್ಥಿಂಗ್

ಪ್ಲಗ್ಗಿನ ಮೂರನೆಯ, ದಪ್ಪನೆಯ ಪಿನ್ನು ಓವನ್‌ನ ಲೋಹದ ಕವಚವನ್ನು ನೆಲಕ್ಕೆ ಜೋಡಿಸುತ್ತದೆ. ಒಳಗೆ ವಿದ್ಯುತ್ ಸೋರಿ ಕವಚಕ್ಕೆ ಬಂದರೆ ಅದು ಮನುಷ್ಯನ ದೇಹದ ಬದಲು ಈ ತಂತಿಯ ಮೂಲಕ ನೆಲ ಸೇರಬೇಕು. ಸಾವಿರಾರು ವೋಲ್ಟ್‌ಗಳ ಮಂಡಲದ ಒಂದು ಕೊನೆಯೂ ಕವಚಕ್ಕೇ ಜೋಡಣೆಯಾಗಿರುವುದರಿಂದ ಓವನ್‌ಗೆ ಅರ್ಥಿಂಗ್ ಬೇರೆ ಯಾವ ಅಡುಗೆ ಉಪಕರಣಕ್ಕಿಂತಲೂ ಮುಖ್ಯ.

ಅರ್ಥಿಂಗ್ ಗುಂಡಿಯ ಸುತ್ತಲಿನ ಮಣ್ಣು ತೇವವಾಗಿದ್ದರೆ ಮಾತ್ರ ವಿದ್ಯುತ್ತು ಸರಾಗವಾಗಿ ನೆಲಕ್ಕೆ ಹರಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸಿನದು. ಹಿರಿಯೂರಿನ ಕಡೆ ಹೊಳಲ್ಕೆರೆಗಿಂತಲೂ ಕಡಿಮೆ. ಬಂಡೆ ಮತ್ತು ಮೊರಮಿನ ಮೇಲೆ ಕಟ್ಟಿದ ಮನೆಗಳಲ್ಲಿ ಗುಂಡಿಯನ್ನು ಆಳವಾಗಿ ತೋಡುವುದೂ ಕಷ್ಟ. ಇಂತಹ ಕಡೆ ಮಳೆಗಾಲದಲ್ಲಿ ಸರಿಯಾಗಿದ್ದ ಅರ್ಥಿಂಗ್ ಮಾರ್ಚ್‌ನಿಂದ ಮೇ ವರೆಗಿನ ಬೇಸಿಗೆಯಲ್ಲಿ ಬಲ ಕಳೆದುಕೊಳ್ಳಬಹುದು. ಓವನ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಇದರ ಮೊದಲ ಸೂಚನೆ. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರುಣಿಸುವುದು, ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿಯೇ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಅಳತೆ ಮಾಡಿಸುವುದು ಇದಕ್ಕೆ ಪರಿಹಾರ. ಭಾರತದಲ್ಲಿ ಅರ್ಥಿಂಗ್‌ಗೆ ಸಂಬಂಧಿಸಿದ ಮಾನಕ ಐಎಸ್ 3043. ಮೀಟರ್ ಪೆಟ್ಟಿಗೆಯ ನಂತರ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅಳವಡಿಸುವುದು ಇನ್ನೊಂದು ರಕ್ಷಣೆ. ಇದು ಅರ್ಥಿಂಗ್‌ಗೆ ಬದಲಿಯಲ್ಲ, ಜೊತೆಗಾರ.

ವೋಲ್ಟೇಜ್ ಮತ್ತು ಸಿಡಿಲು

ಈ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ. ತೋಟದ ಮನೆಗಳಲ್ಲಿ ಹಾಗೂ ಮಾರ್ಗದ ಕೊನೆಯಲ್ಲಿರುವ ಹಳ್ಳಿಗಳಲ್ಲಿ ಹೊರೆ ಹೆಚ್ಚಿದ ಹೊತ್ತಿಗೆ ವೋಲ್ಟೇಜ್ ಇಳಿಯುವುದುಂಟು. ವೋಲ್ಟೇಜ್ ಇಳಿದಾಗ ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಸಮಯ ಮುಗಿದ ಗಂಟೆಯೂ ಬಾರಿಸುತ್ತದೆ. ಆದರೆ ಆಹಾರ ಎಂದಿನಷ್ಟು ಬಿಸಿಯಾಗಿರುವುದಿಲ್ಲ. ಆಗ ಗಡಿಯಾರವನ್ನಲ್ಲ, ಆಹಾರದ ಬಿಸಿಯನ್ನೇ ನೋಡಬೇಕು. ಸ್ಟೆಬಿಲೈಸರ್ ಬಳಸುವುದಾದರೆ ಓವನ್ ಎಳೆಯುವ ಪೂರ್ತಿ ಶಕ್ತಿಗೆ ತಕ್ಕ ಸಾಮರ್ಥ್ಯದ್ದೇ ಬೇಕು. ದೀಪ ಮತ್ತು ಫ್ಯಾನಿಗೆಂದು ಹಾಕಿಸಿದ ಮನೆಯ ಇನ್ವರ್ಟರ್ ಮೇಲೆ ಓವನ್ ನಡೆಸಕೂಡದು. ಮುಂಗಾರು ಪೂರ್ವದ ಗುಡುಗು ಸಿಡಿಲಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆದಿಡಬೇಕು.

ಇಡುವ ಜಾಗ

ಓವನ್‌ನ ಒಳಗಿನ ಫ್ಯಾನು ಮ್ಯಾಗ್ನೆಟ್ರಾನನ್ನು ತಂಪಾಗಿಸಿ ಬಿಸಿಗಾಳಿಯನ್ನು ಹೊರದೂಡುತ್ತದೆ. ಆದ್ದರಿಂದ ಹಿಂದೆ ಮತ್ತು ಪಕ್ಕಗಳಲ್ಲಿ ಸುಮಾರು 10 ಸೆಂಟಿಮೀಟರ್, ಮೇಲೆ 20ರಿಂದ 30 ಸೆಂಟಿಮೀಟರ್ ಖಾಲಿ ಜಾಗ ಬಿಡುವುದು ವಾಡಿಕೆ. ನಿಖರವಾದ ಅಂತರವನ್ನು ಆಯಾ ಮಾದರಿಯ ಕೈಪಿಡಿಯಲ್ಲಿ ನೋಡಬೇಕು. ಧೂಳು ಬೀಳದಿರಲೆಂದು ಮೇಲೆ ಹೊದಿಸುವ ಕಸೂತಿ ಬಟ್ಟೆ ಅಥವಾ ಪ್ಲಾಸ್ಟಿಕ್ ಹೊದಿಕೆ ಈ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಗ್ಯಾಸ್ ಒಲೆಯ ಪಕ್ಕ, ಸಿಂಕಿನ ಪಕ್ಕ ಮತ್ತು ಮಕ್ಕಳು ತಲೆಯೆತ್ತಿ ಬಿಸಿ ಪಾತ್ರೆ ಎಳೆದುಕೊಳ್ಳಬಹುದಾದ ಎತ್ತರದಲ್ಲಿ ಓವನ್ ಇಡಬಾರದು. ಬಾಗಿಲನ್ನು ಒರಗುವ ಕಟ್ಟೆಯಂತೆ ಬಳಸಿದರೆ ತಿರುಗಣೆ ಸಡಿಲವಾಗಿ ಸೋರಿಕೆಗೆ ಕಾರಣವಾಗುತ್ತದೆ.

ಪಾತ್ರೆಗಳ ಆಯ್ಕೆ

ಕರ್ನಾಟಕದ ಅಡುಗೆಮನೆಗಳಲ್ಲಿ ಸ್ಟೀಲ್ ಪಾತ್ರೆಯೇ ಹೆಚ್ಚು. ಅಭ್ಯಾಸಬಲದಿಂದ ಸಾರಿನ ಸ್ಟೀಲ್ ಬಟ್ಟಲನ್ನೋ ಚಮಚ ಸಮೇತ ತಟ್ಟೆಯನ್ನೋ ಒಳಗಿಡುವುದು ಸಾಮಾನ್ಯ ತಪ್ಪು.

• ಬಳಸಬಹುದಾದವು: ಶಾಖ ತಾಳುವ ಬೊರೊಸಿಲಿಕೇಟ್ ಗಾಜು, ಲೋಹದ ಅಂಚಿಲ್ಲದ ಪಿಂಗಾಣಿ, ಮೈಕ್ರೋವೇವ್‌ಗೆ ಯೋಗ್ಯವೆಂಬ ಗುರುತಿರುವ ಪ್ಲಾಸ್ಟಿಕ್.
• ಬಳಸಬಾರದ ಲೋಹಗಳು: ಸ್ಟೀಲ್, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಚಿನ್ನದ ಗೆರೆಯ ಕಪ್ಪುಗಳು, ಹೋಟೆಲ್ ಪಾರ್ಸೆಲ್‌ನ ಬೆಳ್ಳಿ ಹಾಳೆ ಮತ್ತು ಕಾಗದಕ್ಕೆ ಹೊಡೆದ ಸ್ಟೇಪ್ಲರ್ ಪಿನ್ನು. ಚೂಪಾದ ತುದಿಗಳಲ್ಲಿ ವಿದ್ಯುತ್ ಕ್ಷೇತ್ರ ಸಾಂದ್ರವಾಗಿ ಕಿಡಿ ಹಾರುತ್ತದೆ.
• ಬಳಸಬಾರದ ಇತರ ವಸ್ತುಗಳು: ಬಿಸಿ ಸಾಂಬಾರು ಕಟ್ಟಿಕೊಡುವ ತೆಳು ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ತಟ್ಟೆ, ಮುದ್ರಿತ ಪತ್ರಿಕೆಯ ಹಾಳೆ. ಮೆಲಮೈನ್ ತಟ್ಟೆಗಳು ಅಲೆಗಳನ್ನು ಹೀರಿ ತಾವೇ ಕಾಯುತ್ತವೆ.
• ಮಣ್ಣಿನ ಪಾತ್ರೆ: ಮೆರುಗಿಲ್ಲದ ಮಡಕೆಯಲ್ಲಿ ನೀರು ಹೀರಿಕೊಂಡಿರುವುದರಿಂದ ಅದು ಆಹಾರಕ್ಕಿಂತ ಮೊದಲೇ ಕಾದು ಸೀಳಬಹುದು.

ಪಾತ್ರೆಯ ಬಗ್ಗೆ ಸಂದೇಹವಿದ್ದರೆ ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓವನ್ ನಡೆಸಬೇಕು. ನೀರು ಬಿಸಿಯಾಗಿ ಪಾತ್ರೆ ತಂಪಾಗಿಯೇ ಉಳಿದರೆ ಅದು ಯೋಗ್ಯ. ಲೋಹದ ಪಾತ್ರೆಗೆ ಈ ಪರೀಕ್ಷೆ ಮಾಡಬಾರದು.

ಆಹಾರ ಮತ್ತು ನೀರು

ನೀರು ಮತ್ತು ಪಾನೀಯ

ನಯವಾದ ಗಾಜಿನ ಲೋಟದಲ್ಲಿ ನೀರನ್ನು ಕಾಯಿಸಿದಾಗ ಕೆಲವೊಮ್ಮೆ ಅದು ಕುದಿಬಿಂದುವನ್ನು ದಾಟಿಯೂ ಗುಳ್ಳೆಯೇಳದೆ ಶಾಂತವಾಗಿರುತ್ತದೆ. ಗುಳ್ಳೆ ಹುಟ್ಟಲು ಬೇಕಾದ ಒರಟುತನ ಗಾಜಿನಲ್ಲಿ ಇಲ್ಲದಿರುವುದು ಇದಕ್ಕೆ ಕಾರಣ. ಆಗ ಚಮಚ ಅದ್ದಿದರೆ, ಕಾಫಿ ಪುಡಿ ಹಾಕಿದರೆ ಅಥವಾ ಲೋಟ ಅಲುಗಿದರೆ ನೀರು ಒಮ್ಮೆಲೇ ಉಕ್ಕಿ ಮುಖ ಮತ್ತು ಕೈಗಳನ್ನು ಸುಡುತ್ತದೆ. ಚಿತ್ರದುರ್ಗ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97ರಿಂದ 98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಸಾಮಾನ್ಯ ತಾಪದ 250 ಮಿಲಿಲೀಟರ್ ನೀರು 800 ವ್ಯಾಟ್ ಓವನ್‌ನಲ್ಲಿ ಒಂದೂವರೆಯಿಂದ ಎರಡು ನಿಮಿಷದಲ್ಲಿ ಈ ಹಂತ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕಾಯಿಸುವುದು ವ್ಯರ್ಥ ಮಾತ್ರವಲ್ಲ, ಅಪಾಯಕರ. ಲೋಟದಲ್ಲಿ ಮರದ ಕಡ್ಡಿಯೊಂದನ್ನು ಇಡುವುದು ಮತ್ತು ಓವನ್ ನಿಂತ ಬಳಿಕ ಅರ್ಧ ನಿಮಿಷ ಕಾಯ್ದು ಲೋಟ ತೆಗೆಯುವುದು ರಕ್ಷಣೆಯ ಕ್ರಮ.

ಫ್ಲೋರೈಡ್ ಇರುವ ಕೊಳವೆಬಾವಿ ನೀರು

ಚಿತ್ರದುರ್ಗ ಜಿಲ್ಲೆಯ ಹಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಾಗ ಗರಿಷ್ಠ 1.5 ಮಿಲಿಗ್ರಾಂವರೆಗೆ ಒಪ್ಪಲಾಗುತ್ತದೆ. ನೀರನ್ನು ಓವನ್‌ನಲ್ಲಾಗಲಿ ಒಲೆಯ ಮೇಲಾಗಲಿ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ‘ಕುದಿಸಿದ ನೀರು ಎಲ್ಲ ರೀತಿಯಲ್ಲೂ ಶುದ್ಧ’ ಎಂಬ ಭಾವನೆ ಇಲ್ಲಿ ಹಾನಿಕರ. ವಿಶೇಷವಾಗಿ ಹಲ್ಲು ಮತ್ತು ಮೂಳೆ ಬೆಳೆಯುತ್ತಿರುವ ಮಕ್ಕಳಿಗೆ. ಫ್ಲೋರೈಡ್ ತೆಗೆದ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಜಲಾಶಯ ಮೂಲದಿಂದ ಶುದ್ಧೀಕರಿಸಿ ಪೂರೈಸುವ ನೀರನ್ನೇ ಕುಡಿಯಲು ಮತ್ತು ಅಡುಗೆಗೆ ಬಳಸಬೇಕು.

ಮುದ್ದೆ, ಅನ್ನ ಮತ್ತು ಉಳಿದ ಅಡುಗೆ

ರಾತ್ರಿ ಉಳಿದ ರಾಗಿ ಮುದ್ದೆಯನ್ನು ಇಡಿಯಾಗಿ ಒಳಗಿಟ್ಟರೆ ಹೊರಪದರ ಒಣಗಿ ಗಟ್ಟಿಯಾಗುತ್ತದೆ, ನಡುಭಾಗ ತಣ್ಣಗೇ ಉಳಿಯುತ್ತದೆ. ಅಲೆಗಳು ಅಷ್ಟು ಆಳಕ್ಕೆ ತಲುಪದಿರುವುದೇ ಇದಕ್ಕೆ ಕಾರಣ. ಮುದ್ದೆಯನ್ನು ನಾಲ್ಕೈದು ಹೋಳು ಮಾಡಿ, ನೀರು ಚಿಮುಕಿಸಿ, ಮುಚ್ಚಳ ಓರೆಯಾಗಿಟ್ಟು ಒಂದು ನಿಮಿಷ ಬಿಸಿ ಮಾಡಿ, ನಾದಿ, ಮತ್ತೆ ಬಿಸಿ ಮಾಡುವುದು ಸರಿಯಾದ ಕ್ರಮ. ಅನ್ನ ಮತ್ತು ಸಾರನ್ನೂ ನಡುವೆ ಕಲಸಬೇಕು. ಬಿಸಿ ಮಾಡಿದ ಬಳಿಕ ಒಂದೆರಡು ನಿಮಿಷ ಹಾಗೇ ಬಿಟ್ಟರೆ ಶಾಖ ಒಳಕ್ಕೆ ಹರಡುತ್ತದೆ. ಮತ್ತೆ ಬಿಸಿ ಮಾಡಿದ ಆಹಾರದ ನಡುಭಾಗವೂ ಸುಮಾರು 75 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು; ಅಂದರೆ ಎಲ್ಲೆಡೆಯಿಂದ ಹಬೆ ಏಳುವಂತಿರಬೇಕು.

ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ವಾಂತಿಯ ವಿಷ ಬಿಸಿಗೆ ನಾಶವಾಗುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ದಿನವಿಡೀ ಹೊರಗಿದ್ದ ಅನ್ನವನ್ನು ಓವನ್ ಸರಿಪಡಿಸಲಾರದು; ಉಳಿದ ಅನ್ನ ಆರಿದ ಕೂಡಲೇ ಫ್ರಿಜ್ ಸೇರಬೇಕು.

ಶೇಂಗಾ, ಮಂಡಕ್ಕಿ, ಕೊಬ್ಬರಿ

ನೀರಿನಂಶ ಕಡಿಮೆಯಿರುವ ಆಹಾರಗಳು ಓವನ್‌ನಲ್ಲಿ ಬಹು ಬೇಗ ಸೀಯುತ್ತವೆ. ಶೇಂಗಾ ಹುರಿಯುವಾಗ ಹೊರಗಿನ ಬಣ್ಣ ಬದಲಾಗುವ ಮುನ್ನವೇ ಬೀಜದ ಒಳಭಾಗ ಕಪ್ಪಾಗಬಹುದು. ಅಗಲವಾದ ಗಾಜಿನ ತಟ್ಟೆಯಲ್ಲಿ ಹರವಿ, ಒಂದು ನಿಮಿಷಕ್ಕೊಮ್ಮೆ ನಿಲ್ಲಿಸಿ ಕಲಸುತ್ತ ಹುರಿಯಬೇಕು. ಮೆತ್ತಗಾದ ಮಂಡಕ್ಕಿಗೆ ಕೆಲವೇ ಸೆಕೆಂಡು ಸಾಕು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚಿರುವುದರಿಂದ ಮರೆತು ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಒಗ್ಗರಣೆ ಮತ್ತು ಕರಿಯುವ ಕೆಲಸ ಗ್ಯಾಸ್ ಒಲೆಗೇ ಸೇರಿದ್ದು. ಎಣ್ಣೆಯ ಬಿಸಿಯನ್ನು ಓವನ್‌ನಲ್ಲಿ ಹತೋಟಿಯಲ್ಲಿಡಲು ಆಗುವುದಿಲ್ಲ. ಒಣಮೆಣಸಿನಕಾಯಿಯನ್ನು ಒಳಗಿಟ್ಟರೆ ಏಳುವ ಘಾಟು ಉಸಿರು ಕಟ್ಟಿಸುತ್ತದೆ. ಒದ್ದೆ ಬಟ್ಟೆಯನ್ನು ಇದರಲ್ಲಿ ಒಣಗಿಸಕೂಡದು.

ಸಿಡಿಯುವ ಆಹಾರ ಮತ್ತು ಮಗುವಿನ ಹಾಲು

ಚಿಪ್ಪಿರುವ ಮೊಟ್ಟೆ, ಸುಲಿದ ಇಡೀ ಬೇಯಿಸಿದ ಮೊಟ್ಟೆ, ಇಡೀ ಬದನೆಕಾಯಿ, ಆಲೂಗೆಡ್ಡೆ, ಟೊಮೆಟೊ ಇವುಗಳೊಳಗೆ ಹಬೆ ಸೇರಿ ಸಿಡಿಯುತ್ತವೆ. ತರಕಾರಿಗೆ ಮುಳ್ಳುಚಮಚದಿಂದ ಚುಚ್ಚಿಡಬೇಕು. ಮೊಟ್ಟೆಯನ್ನು ಹೋಳು ಮಾಡಿಯೇ ಇಡಬೇಕು. ಬಿಗಿ ಮುಚ್ಚಳದ ಡಬ್ಬಿಯನ್ನು ಎಂದೂ ಒಳಗಿಡಬಾರದು. ಮಗುವಿನ ಹಾಲಿನ ಬಾಟಲಿ ಹೊರಗೆ ಬೆಚ್ಚಗಿದ್ದರೂ ಒಳಗಿನ ಹಾಲು ಕೆಲವೆಡೆ ಬಾಯಿ ಸುಡುವಷ್ಟು ಬಿಸಿಯಾಗಿರಬಹುದು. ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿ ನಿಲ್ಲಿಸಿ ಬೆಚ್ಚಗೆ ಮಾಡುವ ಹಳೆಯ ವಿಧಾನವೇ ಸುರಕ್ಷಿತ.

ಸ್ವಚ್ಛತೆ ಮತ್ತು ನಿರ್ವಹಣೆ

ಗೋಡೆಗೆ ಸಿಡಿದ ಸಾರು, ಎಣ್ಣೆ ಮತ್ತು ಅನ್ನದ ಅಗುಳು ಪ್ರತಿ ಸಲವೂ ಆಹಾರದೊಡನೆ ತಾವೂ ಕಾದು ಇದ್ದಿಲಾಗುತ್ತವೆ. ಇದ್ದಿಲು ವಿದ್ಯುತ್ ವಾಹಕವಾದ್ದರಿಂದ ಅಲ್ಲಿ ಕಿಡಿ ಹುಟ್ಟುತ್ತದೆ. ಹಾಗಾಗಿ ಓವನ್ ಶುಚಿಯಾಗಿಡುವುದು ಅಂದಕ್ಕಿಂತ ಹೆಚ್ಚಾಗಿ ಸುರಕ್ಷತೆಯ ವಿಷಯ.

ವಾರಕ್ಕೊಮ್ಮೆ ಗಾಜಿನ ಬಟ್ಟಲಿನಲ್ಲಿ ಒಂದು ಲೋಟ ನೀರು ಮತ್ತು ಅರ್ಧ ನಿಂಬೆಹಣ್ಣಿನ ಹೋಳುಗಳನ್ನಿಟ್ಟು ಸುಮಾರು ಮೂರು ನಿಮಿಷ ಕಾಯಿಸಿ, ಬಾಗಿಲು ತೆರೆಯದೆ ಐದು ನಿಮಿಷ ಬಿಡಬೇಕು. ಹಬೆಗೆ ಕಲೆಗಳು ಮೆತ್ತಗಾಗುತ್ತವೆ. ನಂತರ ಪ್ಲಗ್ ತೆಗೆದು ಮೆದು ಬಟ್ಟೆಯಿಂದ ಒರೆಸಬೇಕು. ಸ್ಟೀಲ್ ನಾರು ಮತ್ತು ಪಾತ್ರೆ ತಿಕ್ಕುವ ಪುಡಿ ಒಳಗಿನ ಬಣ್ಣದ ಪದರವನ್ನು ಕೆರೆಯುತ್ತವೆ. ಕೆರೆದ ಕಡೆ ತುಕ್ಕು, ತುಕ್ಕಿದ ಕಡೆ ಕಿಡಿ. ಗಡಸು ನೀರಿನ ಊರುಗಳಲ್ಲಿ ಒರೆಸಿದ ಮೇಲೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಬಿಳಿ ಕಲೆ ಉಳಿಯುವುದಿಲ್ಲ. ಗಾಜಿನ ತಟ್ಟೆಯನ್ನು ಆರಿದ ಬಳಿಕವೇ ತೊಳೆಯಬೇಕು. ಬಾಗಿಲಿನ ಅಂಚುಗಳಲ್ಲಿ ಜಿಡ್ಡು ಕೂತರೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಅವನ್ನು ಪ್ರತ್ಯೇಕವಾಗಿ ಒರೆಸಬೇಕು.

ಗಾಳಿಕಿಂಡಿಗಳಲ್ಲಿ ಕೂರುವ ಧೂಳನ್ನು ತಿಂಗಳಿಗೊಮ್ಮೆ ಒಣ ಕುಂಚದಿಂದ ತೆಗೆಯಬೇಕು. ಬೆಚ್ಚಗಿನ ಜಾಗ ಹುಡುಕುವ ಜಿರಳೆ, ಇರುವೆ, ಹಲ್ಲಿಗಳು ಈ ಕಿಂಡಿಗಳಿಂದ ಒಳಸೇರಿ ವಿದ್ಯುನ್ಮಾನ ಫಲಕವನ್ನು ಕೆಡಿಸುತ್ತವೆ. ರಾತ್ರಿ ಆಹಾರವನ್ನು ಒಳಗೇ ಬಿಡದಿರುವುದು ಇದಕ್ಕೆ ಸರಳ ಪರಿಹಾರ. ಓವನ್‌ನ್ನು ಖಾಲಿಯಾಗಿ ನಡೆಸಬಾರದು. ಹೀರಿಕೊಳ್ಳಲು ಏನೂ ಇಲ್ಲದಾಗ ಶಕ್ತಿ ಮ್ಯಾಗ್ನೆಟ್ರಾನ್‌ಗೇ ಮರಳಿ ಅದನ್ನು ಕೆಡಿಸಬಹುದು.

ದೋಷದ ಲಕ್ಷಣಗಳು

• ಒಳಗೆ ಒಂದೇ ಜಾಗದಲ್ಲಿ ಕಿಡಿ: ಅಭ್ರಕದ ಹಾಳೆ ಜಿಡ್ಡಾಗಿದೆ ಅಥವಾ ಸುಟ್ಟಿದೆ. ಹಾಳೆ ಬದಲಿಸುವವರೆಗೆ ಬಳಕೆ ನಿಲ್ಲಿಸಬೇಕು.
• ತಟ್ಟೆ ತಿರುಗದಿರುವುದು: ತಟ್ಟೆ ಉರುಳುವ ಚಕ್ರದಲ್ಲಿ ಅಗುಳು ಸಿಕ್ಕಿರಬಹುದು ಅಥವಾ ಮೋಟಾರು ಕೆಟ್ಟಿರಬಹುದು.
• ಜೋರಾದ ಗುಂಯ್‌ಗುಟ್ಟುವಿಕೆ, ಬಿಸಿಯಾಗದಿರುವುದು: ಡಯೋಡ್, ಕೆಪಾಸಿಟರ್ ಅಥವಾ ಮ್ಯಾಗ್ನೆಟ್ರಾನ್ ದೋಷ.
• ಬಾಗಿಲು ತೆರೆದರೂ ಓವನ್ ನಿಲ್ಲದಿರುವುದು: ಅತ್ಯಂತ ಗಂಭೀರ ದೋಷ. ಕೂಡಲೇ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ತೆಗೆಯಬೇಕು.
• ಕವಚ ಮುಟ್ಟಿದರೆ ಜುಮ್ಮೆನ್ನುವುದು: ಅರ್ಥಿಂಗ್ ಅಥವಾ ನಿರೋಧಕದ ದೋಷ.

ದುರಸ್ತಿಯ ಅಪಾಯ

ಮಿಕ್ಸರ್ ಅಥವಾ ಫ್ಯಾನು ಬಿಚ್ಚಿದಂತೆ ಮೈಕ್ರೋವೇವ್ ಓವನ್ ಬಿಚ್ಚಕೂಡದು. ಪ್ಲಗ್ ತೆಗೆದ ಬಳಿಕವೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುದಂಶ ಉಳಿದಿರಬಹುದು. ಟ್ರಾನ್ಸ್‌ಫಾರ್ಮರ್‌ನ ಆಚೆಗಿನ ಈ ಹೆಚ್ಚಿನ ವೋಲ್ಟೇಜ್ ಮಂಡಲದ ಸೋರಿಕೆಯನ್ನು ಮನೆಯ ಆರ್‌ಸಿಸಿಬಿ ಗುರುತಿಸಲಾರದು. ಸುರಕ್ಷತಾ ಸ್ವಿಚ್ ಕೆಟ್ಟಾಗ ಅದನ್ನು ತಂತಿಯಿಂದ ನೇರ ಜೋಡಿಸಿ ಓವನ್ ನಡೆಸುವುದು ಬಾಗಿಲು ತೆರೆದಾಗಲೂ ಅಲೆಗಳು ಹೊರಬರಲು ಅವಕಾಶ ಕೊಡುತ್ತದೆ. ಇದು ತರಬೇತಿ ಪಡೆದ ತಂತ್ರಜ್ಞರ ಕೆಲಸ.

ಹಳೆಯ ಓವನ್‌ನ ಟ್ರಾನ್ಸ್‌ಫಾರ್ಮರ್ ತೆಗೆದು ಮರದ ಹಲಗೆಯ ಮೇಲೆ ವಿದ್ಯುತ್ತಿನಿಂದ ಚಿತ್ತಾರ ಸುಡುವ ಪ್ರಯೋಗಗಳ ವಿಡಿಯೋಗಳು ಅಂತರಜಾಲದಲ್ಲಿವೆ. ಇದನ್ನು ಅನುಕರಿಸಿ ಹೊರದೇಶಗಳಲ್ಲಿ ಹಲವರು ಸಾವಿಗೀಡಾಗಿದ್ದಾರೆ. ವಿದ್ಯಾರ್ಥಿಗಳ ವಿಜ್ಞಾನ ಮಾದರಿಗಳಿಗೆ ಈ ಭಾಗಗಳನ್ನು ಯಾವ ಕಾರಣಕ್ಕೂ ಬಳಸಬಾರದು.

ಅವಘಡ ಸಂಭವಿಸಿದಾಗ

ಒಳಗೆ ಬೆಂಕಿ ಕಾಣಿಸಿದರೆ ಬಾಗಿಲು ತೆರೆಯಬಾರದು. ಗಾಳಿ ಒಳನುಗ್ಗಿ ಬೆಂಕಿ ಹೆಚ್ಚುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಮುಚ್ಚಿದ ಕೋಣೆಯಲ್ಲಿ ಬೆಂಕಿ ಸಾಮಾನ್ಯವಾಗಿ ತಾನೇ ನಂದುತ್ತದೆ. ಓವನ್ ಮೇಲೆ ನೀರು ಸುರಿಯಬಾರದು. ಬೆಂಕಿ ಹೊರಗೆ ಹಬ್ಬಿದರೆ ಎಲ್ಲರೂ ಹೊರಬಂದು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಸುಟ್ಟಗಾಯವಾದರೆ ಬಳೆ, ಉಂಗುರ ತೆಗೆದು ಆ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ನೀರಿನ ಅಭಾವವಿರುವ ಮನೆಗಳಲ್ಲಿ ಬಕೆಟ್ಟಿನ ಶುದ್ಧ ನೀರನ್ನು ಮಗ್ಗಿನಿಂದ ನಿಧಾನವಾಗಿ ಹುಯ್ಯುತ್ತಿರಬಹುದು. ಟೂತ್‌ಪೇಸ್ಟ್, ಇಂಕು, ಅರಿಶಿನ, ಮಂಜುಗಡ್ಡೆ ಹಚ್ಚಬಾರದು. ವಿದ್ಯುದಾಘಾತವಾದವರನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ ಆರಿಸಬೇಕು. ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ಮನೆಗೆ ಬರುವ ವಿದ್ಯುತ್ ಮಾರ್ಗದ ದೋಷಗಳಿಗೆ ಬೆಸ್ಕಾಂ ಸಹಾಯವಾಣಿ 1912.

ವಿಲೇವಾರಿ

ಕೆಟ್ಟುಹೋದ ಓವನ್ ಇ-ತ್ಯಾಜ್ಯದ ವರ್ಗಕ್ಕೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022, ವಿದ್ಯುನ್ಮಾನ ವಸ್ತುಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಇರಿಸಿವೆ. ಗುಜರಿಯಲ್ಲಿ ತಾಮ್ರಕ್ಕಾಗಿ ಓವನ್ ಒಡೆಯುವವರಿಗೆ ಕೆಪಾಸಿಟರ್‌ನ ಅಪಾಯ ತಿಳಿದಿರುವುದಿಲ್ಲ. ಕೆಲವು ಮ್ಯಾಗ್ನೆಟ್ರಾನ್‌ಗಳ ಪಿಂಗಾಣಿ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇದ್ದು, ಅದರ ಪುಡಿ ಶ್ವಾಸಕೋಶಕ್ಕೆ ವಿಷಕಾರಿ. ಹೊಸ ಓವನ್ ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸುವುದು ಅಥವಾ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ತಲುಪಿಸುವುದು ಸೂಕ್ತ. ಅಲ್ಲಿಯವರೆಗೆ ಅದನ್ನು ಮಕ್ಕಳ ಕೈಗೆ ಸಿಗದಂತೆ, ಕವಚ ಬಿಚ್ಚದೆ ಇಡಬೇಕು.